ಪೆಟ್ಟಿಗೆ ಮನೆಯ ಕಲಾಯಿ

ನವಸಾಗರದ ಹೊಗೆ ಮೂಗಿಗೆ ಬಡಿದರೆ ಈಗಲೂ ನನಗೆ ಹಾನಗಲ್ಲಿನ ಅಜ್ಜನ ಮನೆಯ ಹಿತ್ತಿಲು ಕಣ್ಣಿಗೆ ಕಟ್ಟುತ್ತದೆ. ಕಾದ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವಾಗ ಏಳುವ ಆ ಬಿಳಿ ಹೊಗೆ ಪಡಸಾಲೆಯ ತನಕ ಬರುತ್ತಿತ್ತು. ಅಲ್ಲಿ ನಿಂತಿತ್ತು ನಮ್ಮ ‘ಪೆಟ್ಟಿಗೆ’. ಹತ್ತೊಂಬತ್ತನೆಯ ಶತಮಾನದಲ್ಲಿ ಯಾರೋ ಬಿಳಿಯ ಸಾಹೇಬ ತನ್ನ ಪುಟ್ಟ ಚರ್ಚಿಗೆಂದು ಮಾಡಿಸಿದ ಪೈಪ್ ಆರ್ಗನ್ ಅದು. ಚರ್ಚು ಬಿದ್ದ ಮೇಲೆ ಅಜ್ಜನ ಅಪ್ಪ ಚಕ್ಕಡಿಯಲ್ಲಿ ಹೇರಿಕೊಂಡು ಬಂದಿದ್ದನಂತೆ. ತಿದಿ ಒತ್ತಿದರೆ ತವರದ ಸಾಲು ಕೊಳವೆಗಳು ಉಸಿರೆಳೆದು ಹಾಡುತ್ತಿದ್ದವು. ಸೋಮವಾರ ಅಜ್ಜ ಅದರಲ್ಲಿ ವಚನ ನುಡಿಸುತ್ತಿದ್ದ. ಊರಿಗೆ ನಾವು ಪೆಟ್ಟಿಗೆ ಮನೆಯವರು.

ಅಜ್ಜ ಮಹಾ ಗುಮಾನಿಯ ಮನುಷ್ಯ. ಹಾಲಿನಾಕೆ ನೀರು ಬೆರೆಸುತ್ತಾಳೆ, ಗಿರಣಿಯವ ಹಿಟ್ಟು ಉಳಿಸಿಕೊಳ್ಳುತ್ತಾನೆ. ಬೆಕ್ಕು ಕಣ್ಣು ಮುಚ್ಚಿ ಮಲಗಿದರೂ ಅವನಿಗೆ ಸಂಶಯ. ಸವಣೂರಿನಿಂದ ಬರುತ್ತಿದ್ದ ಕಲಾಯಿ ದಾವಲಸಾಬರನ್ನು ಮಾತ್ರ ಪಡಸಾಲೆಗೆ ಬಿಡುತ್ತಿದ್ದ, ಪೆಟ್ಟಿಗೆಯ ತಿದಿಯ ಚರ್ಮ ಹರಿದರೆ ಹೊಲಿಯುವವರು ಅವರೊಬ್ಬರೇ. ಅತ್ತೆಯ ಮದುವೆಗೆ ಪಾತ್ರೆಗಳಿಗೆಲ್ಲ ಕಲಾಯಿಯಾಯಿತು. ಮದುವೆ ಮುಗಿದು ಅಜ್ಜ ನುಡಿಸಲು ಕುಳಿತರೆ ಒಂದು ಸ್ವರ ಮಾತ್ರ ಏಳಲಿಲ್ಲ. ಹಿಂದಿನ ಸಾಲಿನ ಕೊಳವೆಯೊಂದು ಮಾಯವಾಗಿತ್ತು. ಹೊಸ ಕಲಾಯಿಯೂ ಆಗಲೇ ಕಪ್ಪಿಟ್ಟಿತ್ತು. ಅಜ್ಜನಿಗೆ ಇಷ್ಟು ಸಾಕಾಯಿತು: ಕಲಾಯಿಗೆ ಸೀಸ ಬೆರೆಸಿದವನೇ ತವರದ ಆಸೆಗೆ ಕೊಳವೆಯನ್ನೂ ಕದ್ದ. “ಅಲ್ಲಾನ ಆಣಿರಿ ಗೌಡ್ರ, ನಾ ಮುಟ್ಟಿಲ್ಲ,” ಎಂದರು ಅಜ್ಜ ಕರೆಸಿ ಕೇಳಿದಾಗ ದಾವಲಸಾಬರು. ಅಜ್ಜಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ದಾವಲಸಾಬರು ಮತ್ತೆ ನಮ್ಮ ಓಣಿಗೆ ಕಾಲಿಡಲಿಲ್ಲ.

ಅಜ್ಜ ತೀರಿಕೊಂಡ ಮೇಲೆ ಒಮ್ಮೆ ನಾನು ಆ ಸ್ವರ ಒತ್ತಿದೆ. ಬರೀ ಗಾಳಿ ಬಂತು. ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ತಲೆಯೆತ್ತದೆ ಅಂದಳು: “ಅದು ಹಾಡೂದಿಲ್ಲವ್ವಾ. ಸಾರಿನ ಪಾತೇಲಿಗೆ ಹತ್ತೇತಿ. ಮದುವಿ ಹೊತ್ತಿಗೆ ತವರ ಮುಗದಿತ್ತು. ಹಿಂದಿನ ಕೊಳವಿ ಯಾರಿಗೆ ಕಾಣಬೇಕಂತ ಕಿತ್ತು ಜಜ್ಜಿ, ಮನ್ಯಾಗಿನ ಹಳೀ ತವರ ಅಂತ ಹೇಳಿ ದಾವಲಸಾಬರಿಗೆ ಕೊಟ್ಟೆ. ಅದರಾಗ ಸೀಸ ಇತ್ತೋ ಏನೋ, ನನಗೇನ ಗೊತ್ತು?”

“ಅಜ್ಜಗ ಯಾಕ ಹೇಳಲಿಲ್ಲ?”

“ಮೊದಲ ದಿನ ಅಂಜಿದೆ. ನನ್ನ ಹೆಸರು ದಾವಲಸಾಬರೂ ಎತ್ತಲಿಲ್ಲ. ಆಮ್ಯಾಲ ಹೇಳಾಕ ಬಾಯಿ ಬರಲಿಲ್ಲ.”

ಆ ದಿನ ನನಗೆ ಅಜ್ಜಿಯ ಮೇಲೆ ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. ಈಗ ಅಜ್ಜಿಯಿಲ್ಲ, ಮನೆಯಿಲ್ಲ, ಪೆಟ್ಟಿಗೆಯನ್ನು ಗೆದ್ದಲು ತಿಂದಿತು. ಉಳಿದದ್ದು ಆ ಪಾತೇಲಿ. ಮೊನ್ನೆ ಅದನ್ನು ಹಿಡಿದು ಸವಣೂರಿಗೆ ಹೋದೆ. ಕಲಾಯಿ ಅಂಗಡಿಯಲ್ಲಿದ್ದ ದಾವಲಸಾಬರ ಮಗ ಕೇಳಿದರು: “ಯಾವೂರ್ರಿ?”

“ಹಾನಗಲ್ಲರಿ. ಪೆಟ್ಟಿಗಿ ಮನಿಯಾಕಿ.”

ಅವರು ತವರದ ಗಟ್ಟಿಯನ್ನು ತೆಗೆದು ನನ್ನ ಕೈಗೇ ಕೊಟ್ಟರು. “ನೀವ ನೋಡಿ ಕೊಡ್ರಿ. ಮುಂದ ಕುಂತ ಮಾಡಿಸಿಕೊಳ್ರಿ. ನಿಮ್ಮ ಮನ್ಯಾಗ ಆ ಮಾತ ಕೇಳಿದ ಮ್ಯಾಲ ನಮ್ಮ ಅಬ್ಬಾ ಎಲ್ಲಾರಿಗೂ ಹಂಗ ಹೇಳತಿದ್ರು.”

ನಾನು ಎಲ್ಲವನ್ನೂ ಹೇಳಿದೆ. ಕುಲುಮೆಯ ತಿದಿಯ ಮೇಲಿನ ಅವರ ಕೈ ನಿಂತಿತು. “ಅಬ್ಬಾ ಇದ್ದಾಗ ಬರಬೇಕಿತ್ರಿ,” ಎಂದರು.

ತವರವನ್ನು ನೋಡದೆಯೇ ಅವರ ಕೈಗೇ ಹಿಂದಿರುಗಿಸಿ, ಕಲಾಯಿ ಮುಗಿಯುವ ತನಕ ಬೀದಿಯ ಕಡೆ ಮುಖ ಮಾಡಿ ಕುಳಿತೆ.