ಕೊನೆಯ ಸಾಲು

ನನ್ನ ಸೋದರಮಾವ ಯಾವ ಚುನಾವಣೆಗೂ ನಿಲ್ಲಲಿಲ್ಲ, ಹಾಗಾಗಿ ಸೋಲಲೂ ಇಲ್ಲ. ಮೂವತ್ತೊಂದು ವರ್ಷ ನಮ್ಮ ಕ್ಷೇತ್ರದ ಶಾಸಕರ ಕಚೇರಿಯಲ್ಲಿ ಪತ್ರ ಬರೆಯುವ ಗುಮಾಸ್ತನಾಗಿದ್ದ. ಶಾಸಕರಾಗಿ ಮೊದಲು ಒಬ್ಬ ನಿವೃತ್ತ ಮೇಷ್ಟ್ರು ಬಂದರು, ಆಮೇಲೆ ಮರದ ವ್ಯಾಪಾರಿ, ಅವನನ್ನು ಸೋಲಿಸಿದ ಅವನದೇ ಭಾವಮೈದುನ, ಕೊನೆಗೆ ಡಾಕ್ಟರಮ್ಮ. ಬಾಗಿಲ ಮೇಲಿನ ಬಾವುಟ ಬದಲಾಗುತ್ತಿತ್ತು, ಕಿಟಕಿ ಪಕ್ಕದ ಮಾವನ ಮೇಜು ಕದಲಲಿಲ್ಲ. ಜನ ಅವನನ್ನು ‘ಪರ್ಮನೆಂಟ್ ಶಾಸಕ’ ಎಂದು ಗೇಲಿ ಮಾಡಿದರೆ ಒಳಗೊಳಗೇ ಹಿಗ್ಗುತ್ತಿದ್ದ.

ಮೇಷ್ಟ್ರಿಗೆ ಯಾರ ಮುಖಕ್ಕೂ ‘ಆಗಲ್ಲ’ ಎಂದು ಹೇಳಿ ಗೊತ್ತಿರಲಿಲ್ಲ. ಬಂದವರಿಗೆಲ್ಲ ಪತ್ರ ಕೊಡುತ್ತಿದ್ದರು. ಮಾವನಿಗೆ ಮಾತ್ರ ಒಂದು ಗುಟ್ಟು ಹೇಳಿಕೊಟ್ಟಿದ್ದರು. ಪತ್ರ ‘ಕ್ರಮ ಕೈಗೊಂಡು ವರದಿ ಮಾಡಿ’ ಎಂದು ಮುಗಿದರೆ ಕೆಲಸ ಆಗಲೇಬೇಕು. ‘ಪರಿಶೀಲಿಸಿ’ ಎಂದು ಮುಗಿದರೆ ಅಧಿಕಾರಿಗಳು ಅದನ್ನು ಮೂಲೆಗೆ ಹಾಕಬಹುದು. ನಂತರ ಬಂದವರು ಮೇಷ್ಟ್ರ ಪಕ್ಷವನ್ನು ಬಾಯಿಗೆ ಬಂದಂತೆ ಬೈದರು, ಈ ಪದ್ಧತಿಯನ್ನು ಮಾತ್ರ ಕಣ್ಣಿಗೊತ್ತಿಕೊಂಡರು. ಇದೆಲ್ಲ ನಮಗೆ ತಿಳಿದದ್ದು ತೀರಾ ತಡವಾಗಿ.

ನಮ್ಮ ಬೀದಿ ಕಾಲುವೆಯ ಆಚೆಗಿತ್ತು. ಮೂವತ್ತೆಂಟು ಮನೆಗೆ ದಾಟಲು ಇದ್ದದ್ದು ಎರಡು ಕಬ್ಬಿಣದ ಹಲಗೆ. ಅಮ್ಮ ಹೊಲಿದ ಬಟ್ಟೆಯ ಗಂಟು ಹೊತ್ತು ದಿನಾ ಅದರ ಮೇಲೆ ನಡೆಯುತ್ತಿದ್ದಳು. ಒಮ್ಮೆ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಸೇತುವೆ ಕೇಳಿಕೊಂಡು ಒಬ್ಬೊಬ್ಬ ಶಾಸಕರ ಬಳಿಗೂ ಹೋಗಿದ್ದಳು, ಪತ್ರ ಬರೆದುಕೊಡಲು ತಮ್ಮನೇ ಇದ್ದನಲ್ಲ. ಅಂತೂ ಇಂತೂ ಡಾಕ್ಟರಮ್ಮ ಆ ವರ್ಷದ ಕಾಮಗಾರಿ ಪಟ್ಟಿಗೆ ಸೇತುವೆಯನ್ನು ಸೇರಿಸಿದರು.

ಅಷ್ಟರಲ್ಲಿ ಕ್ಷೇತ್ರಗಳ ಮರುವಿಂಗಡಣೆ ಬಂತು. ಕಾಲುವೆಯೇ ಹೊಸ ಗಡಿಯಂತೆ, ನಮ್ಮ ಬೀದಿ ಪಕ್ಕದ ಕ್ಷೇತ್ರಕ್ಕಂತೆ. ಹಾಗಾದರೆ ಸೇತುವೆ ಪಟ್ಟಿಯಿಂದ ಹೊರಗೆ, ಎಲ್ಲ ಮೊದಲಿನಿಂದ. ಆಕ್ಷೇಪಣೆಗೆ ಹದಿನೈದು ದಿನ ಕೊಟ್ಟಿದ್ದರು.

“ಚೆನ್ನಾಗಿ ಬರೀರಿ, ನಾನು ಸಹಿ ಹಾಕ್ತೀನಿ,” ಎಂದರು ಡಾಕ್ಟರಮ್ಮ.

ಮಾವ ಎರಡು ಪುಟ ಬರೆದ. ಶಾಲೆ ಎಷ್ಟು ದೂರ, ಯಾವ ಮನೆಯಲ್ಲಿ ಯಾರು ಹಲಗೆಯಿಂದ ಜಾರಿದ್ದರು, ಒಂದನ್ನೂ ಬಿಡಲಿಲ್ಲ. ಜೀವಮಾನದಲ್ಲಿ ಅವನು ಅಂಥ ಪತ್ರ ಬರೆದಿರಲಿಲ್ಲ. ಕೊನೆಯ ಸಾಲಿಗೆ ಬಂದಾಗ ಕೈ ತನ್ನ ಪಾಡಿಗೆ ತಾನು ಬರೆಯಿತು: ‘ದಯವಿಟ್ಟು ಪರಿಶೀಲಿಸಿ.’

ಗಡಿ ಅಂತಿಮವಾದ ಮೇಲೆ ಮಾವ ಎದ್ದೆನೋ ಬಿದ್ದೆನೋ ಎಂದು ಮೇಲಿನ ಕಚೇರಿಗೆ ಓಡಿದ. ಅಲ್ಲಿದ್ದ ಅಧಿಕಾರಿ ಹಳೇ ಪರಿಚಯದವನು. ಕಡತ ತೆಗೆದು ತೋರಿಸಿದ. “ನಿಮ್ಮದೇ ಭಾಷೆ ಅಲ್ವಾ ಸಾರ್? ನಿಮಗೆ ಬೇಕಾಗಿಲ್ಲ ಅಂದ್ಕೊಂಡು ನಾನು ಮುಂದಕ್ಕೆ ಕಳಿಸ್ಲೇ ಇಲ್ಲ.”

ಅವತ್ತೇ ಸಂಜೆ ಮಾವ ನಮ್ಮ ಮನೆಗೆ ಬಂದು, ಹೊಲಿಗೆ ಯಂತ್ರದ ಪಕ್ಕ ನೆಲದ ಮೇಲೆ ಕೂತು, ಗುಟ್ಟಿನ ಸಮೇತ ಎಲ್ಲ ಹೇಳಿಬಿಟ್ಟ. ನನಗೆ ಸಿಟ್ಟು ನೆತ್ತಿಗೇರಿತು. ಅವನನ್ನು ಕೆಟ್ಟವನು ಎನ್ನಲು ನನಗೆ ಈಗಲೂ ಬಾಯಿ ಬರುವುದಿಲ್ಲ, ಆದರೆ ನೆನೆದರೆ ಹೊಟ್ಟೆ ಉರಿಯುತ್ತದೆ. ಅಮ್ಮ ಮಾತ್ರ ಸಮಾಧಾನ ಮಾಡಿದಳು.

“ಬಿಡೋ, ಕೈತಪ್ಪು ಯಾರಿಂದ ಆಗಲ್ಲ ಹೇಳು. ಬೇಕಂತ ಮಾಡಿದ್ಯಾ?”

ಮತ್ತೆ ಹೊಲಿಯತೊಡಗಿದಳು. ಅರ್ಧ ತೋಳು ಮುಗಿದಿರಬೇಕು, ಅವಳ ಕಾಲು ನಿಂತಿತು.

“ಅಲ್ಲ ಕಣೋ, ಸೇತುವೆಗೆ ಅಂತ ಹಿಂದೆ ಮೂರು ಸಲ ಬರೆದುಕೊಟ್ಟಿದ್ಯಲ್ಲ, ಅವು ಹೇಗೆ ಮುಗ್ದಿದ್ವು?”

ಮಾವ ತಲೆ ಎತ್ತಲಿಲ್ಲ. “ಮೂವರು ಶಾಸಕರೂ ಹಾಗೇ ಬರಿ ಅಂದ್ರು ಅಕ್ಕಾ.”

ಅಮ್ಮ ಅರ್ಧ ಹೊಲಿದ ತೋಳನ್ನು ಯಂತ್ರದಿಂದ ಬಿಡಿಸಿ ಪಕ್ಕಕ್ಕಿಟ್ಟಳು.

“ಮೂರು ಸಲಾನೂ ಆ ಪತ್ರಾನ ನಾನೇ ನಡ್ಕೊಂಡು ಹೋಗಿ ಆಫೀಸಿಗೆ ಕೊಟ್ಟು ಬಂದಿದ್ದೆ ಕಣೋ,” ಎಂದಳು.