ಒತ್ತಿನೆಣೆ ಏರಿನ ಕರಿ ಹೊಗೆ

ಬಸ್ಸಿನ ಮುಖ ನೋಡಿ ಕೈ ಅಡ್ಡ ಹಿಡಿಯುವವರು ಊರು ತುಂಬ ಇದ್ದಾರೆ. ಬೆಳ್ಳಂಬೆಳಿಗ್ಗೆ ಎದ್ದು ಬಸ್ಸಿನ ಬೆನ್ನ ಹಿಂದೆ ಕುಕ್ಕುರುಗಾಲಲ್ಲಿ ಕೂತು ಅದರ ಉಸಿರು ನೋಡುವವರು ಬ್ರಹ್ಮಾವರದಲ್ಲಿ ಬಹುಶಃ ಒಬ್ಬರೇ. ಹೆಸರು ಗೋವರ್ಧನ, ಊರು ಬೀಜಾಡಿ, ವಯಸ್ಸು ಅರವತ್ತರ ಆಸುಪಾಸು. ಹೆದ್ದಾರಿ ಬದಿಯ ಖಾಸಗಿ ಬಸ್ ಶೆಡ್ಡಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅವರು ಒಂದೊಂದೇ ಬಸ್ಸಿನ ಇಂಜಿನ್ ಚಾಲೂ ಮಾಡುತ್ತಾರೆ, ಟೈರುಗಳನ್ನು ಕಬ್ಬಿಣದ ರಾಡಿನಿಂದ ಬಡಿದು ಗಾಳಿಯ ಸದ್ದು ಕೇಳುತ್ತಾರೆ, ರೇಡಿಯೇಟರಿಗೆ ನೀರು ಹೊಯ್ಯುತ್ತಾರೆ. ಆಮೇಲೆ ಹಳೆಯ ಬಿಳಿ ಪಂಚೆಯ ತುಂಡೊಂದನ್ನು ಸೈಲೆನ್ಸರ್ ಬಾಯಿಗೆ ಹಿಡಿದು, ತೆಗೆದು, ಬಲ್ಬಿನ ಕೆಳಗೆ ಬಿಡಿಸಿ ನೋಡುತ್ತಾರೆ.

"ಇದ್ ಯಾರೂ ಹೇಳಿ ಮಾಡ್ಸೂ ಕೆಲ್ಸ ಅಲ್ಲ. ಒಂದ್ ಅಭ್ಯಾಸ ಆಯ್ತ್, ಬಿಡುಕೆ ಆತಿಲ್ಲೆ," ಎನ್ನುತ್ತಾರೆ.

ಈ ಅಭ್ಯಾಸದ ಹಿಂದಿನ ಕಥೆಯಲ್ಲಿ ಒಂದು ದೊಡ್ಡ ಇಂಜಿನ್ ಕಂಪನಿ ಇದೆ, ಕೋರ್ಟಿದೆ, ಪತ್ರಿಕೆಯಲ್ಲಿ ಬಂದ ರಾಜಿ ಇದೆ. ಗೋವರ್ಧನರ ಹೆಸರು ಮಾತ್ರ ಅದರಲ್ಲಿ ಎಲ್ಲೂ ಇಲ್ಲ.

ಮೀನುಗಾರರ ಮನೆಯಲ್ಲಿ ಹುಟ್ಟಿದರೂ ಅವರಿಗೆ ದೋಣಿ ಹತ್ತಿದರೆ ವಾಂತಿ. ಅಣ್ಣ ಚಂದಯ್ಯ ಎರಡು ದಿನ ಸಮುದ್ರಕ್ಕೆ ಕರೆದುಕೊಂಡು ಹೋಗಿ, ಮೂರನೆಯ ದಿನ ಕೈಮುಗಿದರಂತೆ: "ತಮ್ಮ, ನೀನ್ ಮೀನಿಗೆ ಹಾಕೂ ಊಟ ಜಾಸ್ತಿ ಆಯ್ತ್. ನೆಲದ್ ಮೇಲೇ ಎಂತಾರೂ ಮಾಡ್." ಹಾಗೆ ನೆಲಕ್ಕಿಳಿದವರು ಕ್ಲೀನರ್ ಆಗಿ, 1997ರಲ್ಲಿ ಗುಣಪಾಲ ಶೆಟ್ಟರ ಬಸ್ಸಿನ ಡ್ರೈವರ್ ಆಗುತ್ತಾರೆ. ಬ್ರಹ್ಮಾವರದಿಂದ ಹೊರಟು ಕುಂದಾಪುರ, ಬೈಂದೂರು ದಾಟಿ ಶಿರೂರು ಮುಟ್ಟುವ ಲೈನು. ಬಸುರಿ ಹೆಂಗಸು ಹತ್ತಿದ್ದಾಳೆಂದರೆ ಆ ಟ್ರಿಪ್ಪಿನಲ್ಲಿ ಬಸ್ಸಿಗೆ ಹೊಂಡಗಳೇ ಸಿಗುತ್ತಿರಲಿಲ್ಲ ಎಂದು ಈಗಲೂ ಹಳೆಯ ಪ್ರಯಾಣಿಕರು ಹೇಳುತ್ತಾರೆ.

2010ರ ಸುಮಾರಿಗೆ ಶೆಟ್ಟರು ಹೊಸ ನಮೂನೆಯ ಇಂಜಿನ್ನಿನ ಬಸ್ಸು ತರುತ್ತಾರೆ. ಹೊಗೆ ಇಲ್ಲವೇ ಇಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಸಪಾಟು ರಸ್ತೆಯಲ್ಲಿ ಅದು ಹಾಗೇ ಹೋಗುತ್ತದೆ ಕೂಡ. ಬೈಂದೂರು ದಾಟಿ ಒತ್ತಿನೆಣೆಯ ಏರು ಸಿಕ್ಕಿದ ಕೂಡಲೇ ಹಿಂದಿನಿಂದ ಕರಿ ಹೊಗೆ ಎದ್ದು ಬರುತ್ತದೆ. ತ್ರಾಸಿಯಲ್ಲಿ ಹತ್ತಿ ಶಿರೂರಿಗೆ ಮೀನು ಮಾರಲು ಹೋಗುವ ಜಲಜ ಹಿಂದಿನ ಸೀಟಿನ ಕಾಯಂ ಗಿರಾಕಿ. ಮೊದಲು ಬಾಯಿಬಿಟ್ಟವರು ಅವರೇ.

"ಹ್ವಾಯ್ ಗೋವರ್ಧನಣ್ಣ, ಹಸಿ ಬಂಗಡಿ ಮೀನ್ ಹತ್ಸಿರೆ ಶಿರೂರಂಗೆ ಸುಟ್ಟ್ ಬಂಗಡಿ ಇಳಿತ್ತಲೆ. ಒಲಿ ಸೌದಿ ಖರ್ಚ್ ನಾನ್ ಕೊಡ್ಕಾ, ನೀವೇ ಹಾಕ್ಕಂಬ್ರ್ಯಾ?"

ಬಸ್ಸೆಲ್ಲ ನಗುತ್ತದೆ, ಗೋವರ್ಧನರೂ ನಗುತ್ತಾರೆ. ಆದರೆ ದೂರುಗಳು ಶೆಟ್ಟರ ಕಿವಿಗೆ ಬೀಳುತ್ತವೆ. ಅವರು ಬಸ್ಸನ್ನು ಹೊಗೆ ತಪಾಸಣೆ ಕೇಂದ್ರಕ್ಕೆ ಒಯ್ಯಿಸುತ್ತಾರೆ. ನಿಂತ ಬಸ್ಸು, ಗೇರಿಲ್ಲ, ಬರೀ ಎಕ್ಸಿಲೇಟರ್ ಒತ್ತುವುದು. ಸೈಲೆನ್ಸರಿನಲ್ಲಿ ಕೊಳವೆ ಇಟ್ಟು ಅಳೆಯುವುದು. ಪಾಸು. ಇನ್ನೊಂದು ಕಡೆ ಒಯ್ದರೂ ಪಾಸು. ಇಂಜಿನ್ನಿನಲ್ಲಿ ದೋಷವಿಲ್ಲ ಎಂದಾದರೆ ದೋಷ ಡೀಸೆಲ್ಲಿನಲ್ಲಿರಬೇಕು, ಡೀಸೆಲ್ಲಿನಲ್ಲಿ ಎಂದಾದರೆ ಡ್ರೈವರನಲ್ಲಿ. ಆಗ ಯಾರಿಗೋ ನೆನಪಾಗುತ್ತದೆ, ಇವರ ಅಣ್ಣನದು ಔಟ್‌ಬೋರ್ಡ್ ಇಂಜಿನ್ನಿನ ನಾಡದೋಣಿ. ಅದಕ್ಕೆ ಸರಕಾರದ ಸಬ್ಸಿಡಿ ಸೀಮೆಎಣ್ಣೆ ಸಿಗುತ್ತದೆ. ಕ್ಯಾನು ಕ್ಯಾನು ಸೀಮೆಎಣ್ಣೆ ಮನೆಯಂಗಳದಲ್ಲಿರುವಾಗ ಇನ್ನು ಪತ್ತೇದಾರಿಕೆ ಯಾಕೆ? ಬಸ್ಸಿಗೆ ಸೀಮೆಎಣ್ಣೆ ಹೊಯ್ದು ಡೀಸೆಲ್ ಮಾರಿಕೊಂಡ ಎಂದು ಸ್ಟ್ಯಾಂಡಿನಲ್ಲೇ ತೀರ್ಪಾಗುತ್ತದೆ.

ಶೆಟ್ಟರು ಬೈಯಲಿಲ್ಲ. ಕರೆದು, "ಗೋವರ್ಧನ, ನೀನ್ ಸ್ವಲ್ಪ ದಿನ ಶೆಡ್ಡಂಗೆ ಇರ್" ಎಂದರು, ಅಷ್ಟೇ. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಹೊಸ ಡ್ರೈವರ್ ಬಂದ ಮೇಲೂ ಒತ್ತಿನೆಣೆಯಲ್ಲಿ ಹೊಗೆ ಎದ್ದಿತು. ಇವರು ಮೊದಲೇ ಇಂಜಿನ್ ಹಾಳು ಮಾಡಿಟ್ಟಿದ್ದಾರೆ ಎಂದು ಅದೂ ಇವರ ತಲೆಗೇ ಬಂತು. ಅಂದಿನಿಂದ ಅವರು ಸ್ಟ್ಯಾಂಡಿನ ಬಾಯಲ್ಲಿ ಸೀಮೆಎಣ್ಣೆ ಗೋವರ್ಧನ.

ಬಿಳಿ ಬಟ್ಟೆ ಶುರುವಾದದ್ದು ಆಗ. ಶೆಡ್ಡಿನಲ್ಲಿ ಎಲ್ಲರ ಕಣ್ಣೆದುರು ಹೊಗೆ ಹಿಡಿದು ತೋರಿಸಿಬಿಡುತ್ತೇನೆ, ಇಂಜಿನ್ನಿನದೇ ತಪ್ಪು ಎಂದು ಗೊತ್ತಾಗುತ್ತದೆ ಎಂಬುದು ಅವರ ಹಟ. ನಿಂತ ಬಸ್ಸಿನಲ್ಲಿ ಪ್ರತಿ ಬೆಳಿಗ್ಗೆಯೂ ಬಟ್ಟೆ ಬೆಳ್ಳಗೇ ಬರುತ್ತಿತ್ತು. "ಬಟ್ಟಿ ಬೆಳಿ ಬಂದಷ್ಟೂ ನನ್ ಮುಖ ಕಪ್ಪ್ ಆತಿದ್ದಿತ್. ನನ್ ಮೇಲಿನ್ ಸಾಕ್ಷಿ ನಾನೇ ಹಿಡ್ಕಂಡ್ ತಿರ್ಗದ್ ಕಾಣಿ."

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು ಎಂದು ಅವರೇ ಹೇಳುತ್ತಾರೆ. ಅಣ್ಣನ ಅಂಗಳಕ್ಕೆ ಕಾಲಿಡುವುದನ್ನು ನಿಲ್ಲಿಸಿದರು. ಕ್ಯಾನಿನ ಹತ್ತಿರ ಯಾರಾದರೂ ತನ್ನನ್ನು ಕಂಡರೆ ಎಂಬ ಹೆದರಿಕೆ. ಹೊಸ್ತಿನ ದಿನ ಹೊಸ ಅಕ್ಕಿಯ ಊಟಕ್ಕೆ ಮನೆಮಂದಿ ಒಟ್ಟು ಕೂರುವಾಗಲೂ ಹೋಗಲಿಲ್ಲ. ಚಂದಯ್ಯ ಮೊದಮೊದಲು ಎಲೆ ಹಾಕಿ ಕಾದರು, ಆಮೇಲೆ ಕಾಯುವುದನ್ನು ಬಿಟ್ಟರು. ತನ್ನ ಸೀಮೆಎಣ್ಣೆಯಿಂದಲೇ ಹೆಸರು ಕೆಟ್ಟಿತೆಂದು ತಮ್ಮ ತನ್ನನ್ನು ದೂರ ಇಟ್ಟನೇನೋ ಎಂದು ಅವರಿಗೂ ನೋವಾಗಿತ್ತು. "ಈಗ ಹೋತೆ, ಬತ್ತೆ. ಅಣ್ಣ ಮಾತಾಡ್ತ್ರ್. ಆರೆ ಮೊದ್ಲಿನ್ ಹಾಂಗೆ ಬೈತ್ರಿಲ್ಲೆ," ಎಂದು ಗೋವರ್ಧನ ಬಟ್ಟೆ ಮಡಚುತ್ತಾರೆ.

ನಿಜ ಹೊರಬಿದ್ದದ್ದು 2016ರಲ್ಲಿ, ಎಲ್ಲೋ ದೂರದ ಕೋರ್ಟಿನಲ್ಲಿ, ಯಾರೋ ಹಾಕಿದ ಕೇಸಿನಲ್ಲಿ. ಇಂಜಿನ್ನಿನೊಳಗಿನ ಸಣ್ಣ ಕಂಪ್ಯೂಟರಿಗೆ ತಪಾಸಣೆಯ ಗುರುತು ಸಿಗುತ್ತಿತ್ತು. ನಿಲ್ಲಿಸಿ ಎಕ್ಸಿಲೇಟರ್ ಒತ್ತಿದರೆ ಅದು ಸಾಧುವಾಗುತ್ತಿತ್ತು. ಭಾರ ಹೊತ್ತು ಏರು ಹತ್ತಿದರೆ ಎಳೆತಕ್ಕಾಗಿ ಡೀಸೆಲ್ ಸುರಿದು ಹೊಗೆ ಕಾರುತ್ತಿತ್ತು. ಕಂಪನಿ ರಾಜಿಗೆ ಬಂತು. ಪರಿಸರದ ನಿಧಿಗೆ ಹಣ ಕಟ್ಟುವುದು, ಇಂಜಿನ್ನುಗಳನ್ನು ಪುಕ್ಕಟೆ ಸರಿಪಡಿಸುವುದು ಒಪ್ಪಂದ. ಜೊತೆಗೆ ಒಂದು ಸಾಲು: ಕಂಪನಿ ಯಾವ ತಪ್ಪನ್ನೂ ಒಪ್ಪಿಕೊಂಡಿಲ್ಲ. ಚಹಾದ ಹೊತ್ತಿಗೆ ಕಂಡಕ್ಟರ್ ನಿತೇಶ್ ಪತ್ರಿಕೆಯ ಸುದ್ದಿಯನ್ನು ಗಟ್ಟಿಯಾಗಿ ಓದಿದಾಗ ಗೋವರ್ಧನ ಆ ಸಾಲನ್ನು ಮತ್ತೆ ಓದಿಸಿದರು.

ಕೆಲವು ತಿಂಗಳ ಮೇಲೆ ಕಂಪನಿಯ ಇಬ್ಬರು ಹುಡುಗರು ಲ್ಯಾಪ್‌ಟಾಪ್ ಹಿಡಿದು ಬಂದು ಸ್ಟೀರಿಂಗ್ ಕೆಳಗೆ ವಯರು ಚುಚ್ಚಿ ಕೂತರು. "ನಾನ್ ಅವ್ರಿಗೆ ಚಾ ತರುಕೆ ಹೋದೆ. ತಕಂಡ್ ಬಪ್ದ್ರೊಳ್ಗೆ ಕೆಲ್ಸ ಮುಗ್ದಿದ್ದಿತ್. ಇಷ್ಟೇ ಅಂಬ್ರ್. ನನ್ನ್ ಸರಿ ಮಾಡುಕೆ ಅದ್ರಂಗೆ ಎಂತಾರೂ ಇತ್ತಾ ಅಂದೇಳಿ ಕೇಂಬ ಅಂದ್ಕಂಡೆ. ಚಾ ತಣ್ದ್ ಹೋತಿತ್ತ್, ಸುಮ್ನಾದೆ."

ಅಂದಿನಿಂದ ಒತ್ತಿನೆಣೆಯಲ್ಲಿ ಹೊಗೆ ಇಲ್ಲ. ಶೆಟ್ಟರು ಮಾತ್ರ ಏನೂ ಹೇಳಲಿಲ್ಲ. ಕೆಟ್ಟ ಮನುಷ್ಯರಲ್ಲ, ಗೋವರ್ಧನರ ಮಗಳ ಮದುವೆಗೆ ಬಸ್ಸು ಪುಕ್ಕಟೆ ಕೊಟ್ಟವರು. ಈ ವಿಷಯ ಎತ್ತಿದರೆ ಕೆಮ್ಮಿ, ಕನ್ನಡಕ ಒರೆಸಿಕೊಳ್ಳುತ್ತಾರೆ. "ನಾನ್ ಅವನನ್ನ್ ಕಳ್ಳ ಅಂದೇಳಿ ಹೇಳ್ಲೇ ಇಲ್ಲ. ಶೆಡ್ಡಂಗೆ ಇರ್ ಅಂದೆ. ಅಷ್ಟ್ ದೊಡ್ಡ್ ಕಂಪನಿಯೇ ತಪ್ಪ್ ಒಪ್ಪ್ಲಿಲ್ಲ, ನಾನ್ ಎಂತ ಒಪ್ಪೂದ್?"

ಗೋವರ್ಧನರಿಗೆ ಲೈನು ಬೇಡ; ಕಣ್ಣು ಮೊದಲಿನಂತಿಲ್ಲ. ಬೇಕಾದದ್ದು ಒಂದೇ ಮಾತು, ಅದೂ ನಾಲ್ಕು ಜನರೆದುರು. "ಗೋವರ್ಧನ ಸೀಮೆಎಣ್ಣೆ ಹೊಯ್ಲಿಲ್ಲ ಅಂದೇಳಿ ಯಾರಾರೂ ಒಬ್ರ್ ಹೇಳ್ಕಿದ್ದಿತ್. ಬೇರೆಂತ ಬೇಡ."

ಆ ಮಾತು ಮೊನ್ನೆ ಫೋನಿನಲ್ಲಿ ಬಂತು. ಬೆಳಗಿನ ಟ್ರಿಪ್ ಮುಗಿಸಿದ ಸಿಬ್ಬಂದಿ ಶೆಡ್ಡಿನಲ್ಲಿ ಕೂತಿದ್ದ ಹೊತ್ತು. ದಪ್ಪ ದನಿ, ಶುದ್ಧ ಪುಸ್ತಕದ ಕನ್ನಡ: "ನಾನು ಇಂಜಿನ್ ಕಂಪನಿಯ ವಕೀಲ. ನೀವು ಸೀಮೆಎಣ್ಣೆ ಬೆರೆಸಿಲ್ಲವೆಂದು ಕಂಪನಿಗೆ ತಿಳಿದಿದೆ. ನಮ್ಮಿಂದ ತಪ್ಪಾಗಿದೆ. ಕ್ಷಮಿಸಬೇಕು." ಟೈರಿನ ಮೇಲೆ ಕೂತಿದ್ದ ಗೋವರ್ಧನ ಎದ್ದು ನಿಲ್ಲುತ್ತಾರೆ. ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಾರೆ. "ಅಡ್ಡಿಲ್ಲೆ ಸರ್," ಎನ್ನುತ್ತಾರೆ ಕೊನೆಗೆ. "ಆಯ್ತ್. ನಿಮ್ದ್ ಊಟ ಆಯ್ತಾ ಸರ್?"

ಫೋನು ಕಟ್ಟಾಗುತ್ತದೆ. ಬಸ್ಸಿನ ಮರೆಯಿಂದ ನಿತೇಶ್ ಹೊರಬರುತ್ತಾನೆ, ಕೈಯಲ್ಲಿ ಫೋನು. ಏಜೆಂಟರಿಂದ ಹಿಡಿದು ಪೊಲೀಸರವರೆಗೆ ಎಲ್ಲರ ದನಿ ತೆಗೆಯುವ ಹುಡುಗ ಈಗ ಸ್ವಂತ ದನಿಗೆ ತಡಕಾಡುತ್ತಾನೆ. "ಅಣ್ಣ, ಅದ್ ನಾನ್. ತಮಾಷಿಗೆ ಮಾಡದ್. ನೀವ್ ಹೀಂಗ್ ಎದ್ದ್ ನಿಲ್ತ್ರಿ ಅಂದೇಳಿ ಗೊತ್ತಿದ್ರೆ ಮಾಡ್ತಿರ್ಲಿಲ್ಲ."

ನಗಲು ತಯಾರಾಗಿ ಕೂತಿದ್ದವರೆಲ್ಲ ನೆಲ ನೋಡುತ್ತಾರೆ. ಗೋವರ್ಧನ ಫೋನನ್ನೊಮ್ಮೆ, ನಿತೇಶನನ್ನೊಮ್ಮೆ ನೋಡುತ್ತಾರೆ. ಮತ್ತೆ ನಿಧಾನ ಟೈರಿನ ಮೇಲೆ ಕೂರುತ್ತಾರೆ.

"ಲಾಯ್ಕ್ ಮಾಡ್ದೆ ಮಾರಾಯ. ಯಾರ್ ಬಾಯಂಗಾರೂ ಆ ಮಾತ್ ಬಂತಲೆ," ಎನ್ನುತ್ತಾರೆ. ಅಂಗಿಯ ಗುಂಡಿ ಬಿಚ್ಚಿಕೊಂಡು, "ಇನ್ನೊಂದ್ ಸಲ ಹೇಳ್ ಕಾಂಬ. ಈಗ ಶೆಟ್ರ್ ಸ್ವರದಂಗೆ."

ನಿತೇಶ್ ಹಿಂದೆಮುಂದೆ ನೋಡುತ್ತಾನೆ. ಆಮೇಲೆ ಶೆಟ್ಟರ ಹಾಗೆಯೇ ಕೆಮ್ಮುತ್ತಾನೆ, ಇಲ್ಲದ ಕನ್ನಡಕ ತೆಗೆದು ಒರೆಸುತ್ತಾನೆ, "ಗೋವರ್ಧನ, ನಂದ್ ತಪ್ಪಾಯ್ತ್" ಎನ್ನುತ್ತಾನೆ. ಶೆಡ್ಡಿನ ತಗಡು ಅದುರುವಂತೆ ನಗು ಏಳುತ್ತದೆ. ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರೂ ನಿಲ್ಲಿಸಿದ ಮೇಲೂ, ಗೋವರ್ಧನ ನಗುತ್ತಲೇ ಇರುತ್ತಾರೆ.