ನನ್ನ ಅಳತೆಯ ಸೀಟು

ತರಗತಿಯಲ್ಲಿ ನಾನು ಕುರ್ಚಿ ಮುಟ್ಟುವುದಿಲ್ಲ, ಶಾಲೆ ಬಿಡುವ ತನಕ ನಿಂತೇ ಪಾಠ ಮಾಡುತ್ತೇನೆ ಎಂದು ನಮ್ಮ ಹೆಡ್ ಮಾಸ್ತರರು ಬಂದವರ ಮುಂದೆಲ್ಲ ನನ್ನನ್ನು ಹೊಗಳುತ್ತಿದ್ದರು. ನಾನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದೆ. ಅದರಲ್ಲಿ ನನ್ನ ದೊಡ್ಡತನ ಏನೂ ಇರಲಿಲ್ಲ. ನನಗೆ ಕೂರಲು ಆಗುತ್ತಿರಲಿಲ್ಲ, ಅಷ್ಟೇ. ಸೈಕಲ್ಲಿನ ಸೀಟು ನನ್ನನ್ನು ಅಷ್ಟು ಹಣ್ಣು ಮಾಡಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಮನೆ ಸಿರುಗುಪ್ಪದಲ್ಲಿ. ಮೊದಲ ನೌಕರಿ ಸಿಕ್ಕಿದ್ದು ಕುರುಗೋಡಿನಿಂದ ಒಳಗೆ, ಕಾಲುವೆ ದಂಡೆ ಹಿಡಿದು ಹೋಗಬೇಕಾದ ಒಂದು ಹಳ್ಳಿಯ ಶಾಲೆಯಲ್ಲಿ. ಕುರುಗೋಡಿನಲ್ಲಿ ಅಪ್ಪನ ಅಕ್ಕ ಇದ್ದಳು. ಗಂಡ ತೀರಿಹೋಗಿ ಒಬ್ಬಳೇ ಇದ್ದ ಆ ಸೋದರತ್ತೆಯ ಮನೆಯಲ್ಲೇ ಉಳಿದೆ. ಹಳ್ಳಿಗೆ ಬಸ್ಸಿಲ್ಲ, ನಡೆದರೆ ಅರ್ಧ ಹೊತ್ತು ದಾರಿಯಲ್ಲೇ ಹೋಗುತ್ತದೆ. ಹಾಗಾಗಿ ಒಂದು ಲೇಡೀಸ್ ಸೈಕಲ್ ಕೊಂಡೆ. ಆ ಸುತ್ತಿನಲ್ಲಿ ಸೀರೆಯುಟ್ಟು ಸೈಕಲ್ ತುಳಿಯುವವಳು ನಾನೊಬ್ಬಳೇ. ಮೊದಮೊದಲು ಎತ್ತಿನ ಬಂಡಿಯವರು ಬಂಡಿ ನಿಲ್ಲಿಸಿ ನೋಡುತ್ತಿದ್ದರು. ಚೆನ್ನಾಗಿ ನೋಡಲಿ ಎಂದು ನಾನು ಇನ್ನೂ ಜೋರಾಗಿ ಬೆಲ್ ಹೊಡೆಯುತ್ತಿದ್ದೆ.

ಆ ದಂಡೆಯ ದಾರಿ ಎರೆಮಣ್ಣಿನದು. ಮಳೆಯಲ್ಲಿ ಬಂಡಿ ಗಾಲಿ ಕೊರೆದ ಗೆರೆಗಳು ಬಿಸಿಲಿಗೆ ಕಲ್ಲಾಗಿ ಕೂತಿರುತ್ತಿದ್ದವು. ಒಂದೊಂದು ಗುಂಡಿ ಹಾರಿದಾಗಲೂ ಸೀಟಿನ ಚೂಪು ಮೂತಿ ಹೇಳಬಾರದ ಜಾಗಕ್ಕೆ ಬಂದು ಒತ್ತುತ್ತಿತ್ತು. ಹೇಳಬಾರದ ಜಾಗ ಎಂದು ಈಗ ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಮೊಣಕಾಲು ನೋವೆಂದರೆ ಊರಿಗೆ ಊರೇ ಔಷಧಿ ಹೇಳುತ್ತದೆ. ಇದನ್ನು ಯಾರ ಮುಂದೆ ಹೇಳುವುದು? ಸೈಕಲ್ ಅಂಗಡಿಯವರೆಲ್ಲ ಗಂಡಸರು, ಮಾಸ್ತರರೆಲ್ಲ ಗಂಡಸರು. ಹಲ್ಲು ಕಚ್ಚಿಕೊಂಡು ತುಳಿದೆ. ಚರ್ಮ ಸುಲಿದು ಉರಿ ಹತ್ತಿದ ದಿನ ಸೈಕಲ್ ತಳ್ಳಿಕೊಂಡು ನಡೆದೆ. ನಡೆದ ದಿನವೆಲ್ಲ ಶಾಲೆಗೆ ತಡ.

ತಡವಾಗಿದ್ದಕ್ಕೆ ಹೆಡ್ ಮಾಸ್ತರರು ಬಯ್ದಿದ್ದರೂ ವಾಸಿಯಿತ್ತು. ಅವರು ಬಯ್ಯುವವರಲ್ಲ, ಕನಿಕರ ಪಡುವವರು. ಒಂದು ದಿನ ಪಕ್ಕಕ್ಕೆ ಕರೆದು, "ಟೀಚರ್ರ, ಹೆಣ್ಮಕ್ಕಳ ಶರೀರಕ್ಕ ಸೈಕಲ್ ಆಗಿಬರಂಗಿಲ್ರಿ. ನಮ್ಮ ಮನಿ ಹುಡುಗಿ ಇದ್ದಂಗ ಅದೀರಿ, ಅದಕ್ಕ ಹೇಳ್ತೀನಿ. ಸಿರುಗುಪ್ಪಕ್ಕ ವರ್ಗ ಮಾಡಿಸ್ಕೊಂಡು ಆರಾಮ ಇರ್ರಿ. ಇಲ್ಲಿಗೆ ಯಾರರ ಗಂಡ ಮಾಸ್ತರ ಬರ್ತಾರ" ಎಂದರು.

"ನನಗೇನೂ ತೊಂದ್ರಿ ಇಲ್ರಿ ಸರ್" ಎಂದೆ.

"ದಸರಾ ಸೂಟಿ ತನಕ ನೋಡ್ತೀನ್ರಿ. ಆಮ್ಯಾಲೂ ಹಿಂಗಾ ತಡ ಆದ್ರ, ನಾನಾ ಮ್ಯಾಲಿನವರಿಗೆ ಬರೀತೀನಿ. ನಿಮ್ಮ ಒಳ್ಳೇದಕ್ಕಾ."

ಇದ್ದ ಒಬ್ಬಳೇ ಹೆಣ್ಣು ಟೀಚರ್ ನಾನು, ನಾನೂ ಹೋದರೆ ದೊಡ್ಡ ಹುಡುಗಿಯರನ್ನು ಮನೆಯವರು ಶಾಲೆ ಬಿಡಿಸುತ್ತಾರೆಂದು ಗೊತ್ತಿತ್ತು. ಅದು ನಿಜವಾದ ಚಿಂತೆಯೇ. ಆದರೆ ಅದಕ್ಕಿಂತ ದೊಡ್ಡ ಚಿಂತೆ ನನ್ನದೇ ಆಗಿತ್ತು. ಆ ಶಾಲೆಯ ನೌಕರಿ ನಾನು ಯಾರ ಕೈಕಾಲು ಹಿಡಿಯದೆ ಗಳಿಸಿದ್ದು. ಆ ದಾರಿಯಲ್ಲಿ ಬೆಳಗಿನ ಗಾಳಿಗೆ ಮುಖ ಕೊಟ್ಟು ಒಬ್ಬಳೇ ಹೋಗುವ ಹೊತ್ತು ನನ್ನ ಇಡೀ ದಿನದಲ್ಲಿ ನನಗೇ ಸೇರಿದ ಹೊತ್ತು. ಹೆಣ್ಣಿನ ಶರೀರಕ್ಕೆ ಆಗಿಬರುವುದಿಲ್ಲ ಎಂಬ ಮಾತು ಹೊತ್ತುಕೊಂಡು ಅಲ್ಲಿಂದ ಹೋಗಲು ನಾನು ತಯಾರಿರಲಿಲ್ಲ.

ಮೊದಲು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ನೋವಾಗುತ್ತದೆ, ಅಂದಮೇಲೆ ಮೆತ್ತಗಿನದು ಬೇಕು! ಕುರುಗೋಡಿನ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿ ಒತ್ತಿ ನೋಡಿ, ಎಲ್ಲಕ್ಕಿಂತ ದಪ್ಪ ಸ್ಪಂಜಿನ ಸೀಟು ಆರಿಸಿದೆ. ಮಖಮಲ್ಲಿನ ಕವರು, ಸುತ್ತಲೂ ಜೂಲು, ಮದುವೆ ಮನೆಯ ಲೋಡಿನ ಹಾಗಿತ್ತು. ಎರಡು ದಿನ ಹಾಯೆನಿಸಿತು. ಆಮೇಲೆ ಹಳೆಯದೇ ಎಷ್ಟೋ ವಾಸಿ ಎನ್ನುವಂತಾಯಿತು. ಮೆತ್ತಗಿದ್ದಷ್ಟೂ ನಾನು ಒಳಗೆ ಹೂತುಹೋಗುತ್ತಿದ್ದೆ, ನಡುವಿನ ಸ್ಪಂಜು ಮೇಲೆದ್ದು ಒತ್ತಬಾರದ ಕಡೆಗೇ ಒತ್ತುತ್ತಿತ್ತು. ಒಂದು ಸಂಜೆ ಬಂದವಳೇ ಸೈಕಲ್ಲನ್ನು ಅಂಗಳದಲ್ಲಿ ಕೆಡವಿ ಒಳಗೆ ಹೋದೆ.

ಅತ್ತೆ ತಟ್ಟೆ ಹಾಕಿದಳು. ನಾನು ಗೋಡೆಗೆ ಆತು ನಿಂತೇ ಉಣ್ಣತೊಡಗಿದೆ.

"ದಿನಾ ನಿಂತ ಉಣ್ತೀಯಲ್ಲ, ಹರಕಿ ಹೊತ್ತೀಯೇನವ್ವಾ?" ಎಂದಳು.

ತಡೆಯಲಾಗಲಿಲ್ಲ. ಅತ್ತುಕೊಂಡೇ ಎಲ್ಲ ಹೇಳಿದೆ. ಸೈಕಲ್ ಬಿಟ್ಟುಬಿಡು ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ರೊಟ್ಟಿ ಮುರಿಯುತ್ತ, "ಕುಪ್ಪಸ ಹೊಲಿಸಾಕ ಕೊಡಬೇಕಾದ್ರ ಅಳತಿ ಕೊಡ್ತೀಯೋ ಇಲ್ಲೋ?" ಎಂದಳು.

"ಕೊಡ್ತೀನಿ."

"ಈ ಸೀಟಿಗೆ ಕೊಟ್ಟಿದ್ದಿಯೇನ?"

ಕೊಟ್ಟಿರಲಿಲ್ಲ. ಯಾರೂ ಕೊಡುವುದಿಲ್ಲ. ಸೀಟಿಗೂ ಅಳತೆ ಎಂಬುದೊಂದು ಇರುತ್ತದೆಂದು ಅಲ್ಲಿಯ ತನಕ ನನ್ನ ತಲೆಗೇ ಹೊಳೆದಿರಲಿಲ್ಲ. ಗೋಡೆ ರಿಪೇರಿಗೆಂದು ತರಿಸಿದ ಮರಳು ಹಿತ್ತಲಲ್ಲಿ ಬಿದ್ದಿತ್ತು. ಅದಕ್ಕೆ ನೀರು ಚಿಮುಕಿಸಿ, ಕೈಯಿಂದ ಸಮ ಮಾಡಿ, ಸೀರೆ ಬಿಗಿ ಹಿಡಿದು ಅದರ ಮೇಲೆ ಕೂತೆ. ಎದ್ದು ನೋಡಿದರೆ ಎರಡು ಗುಳಿ ಎದ್ದು ಕಾಣುತ್ತಿದ್ದವು, ನನ್ನ ಕೂರುವ ಎಲುಬುಗಳು ಊರಿದ ಜಾಗ. ಮನೆಯಲ್ಲಿದ್ದವರಿಗೆ ಚಪ್ಪಲಿ ತರುವಾಗ ಪಾದದ ಉದ್ದಕ್ಕೆ ಕಸಬರಿಗೆ ಕಡ್ಡಿ ಮುರಿದುಕೊಂಡು ಅಂಗಡಿಗೆ ಒಯ್ಯುತ್ತಾರಲ್ಲ, ಹಾಗೆಯೇ ಒಂದು ಗುಳಿಯ ನಡುವಿನಿಂದ ಇನ್ನೊಂದರ ನಡುವಿಗೆ ಕಡ್ಡಿ ಇಟ್ಟು ಮುರಿದೆ. ಆ ಕಡ್ಡಿಯನ್ನು ಹಳೆಯ ಸೀಟು, ಮಖಮಲ್ಲಿನ ಸೀಟು ಯಾವುದಕ್ಕೆ ಅಡ್ಡ ಹಿಡಿದರೂ ಎರಡೂ ತುದಿ ಸೀಟಿನಿಂದ ಹೊರಗೆ! ಎಲುಬಿಗೆ ಆಸರೆಯೇ ಇಲ್ಲ. ಇಷ್ಟು ದಿನ ನನ್ನ ಭಾರವೆಲ್ಲ ಬಿದ್ದದ್ದು ನಡುವೆ, ಮೆತ್ತನೆಯ ಜಾಗದ ಮೇಲೆ. ಅತ್ತೆಯನ್ನು ಕೂಗಿ ತೋರಿಸಿದೆ. ನನಗೆ ನಗು, ಸಿಟ್ಟು ಎರಡೂ ಒಟ್ಟಿಗೆ ಬಂದಿದ್ದವು.

ಮುಂದಿನ ಶನಿವಾರ ಬೆಳಗಿನ ಶಾಲೆ ಮುಗಿಸಿ ಸೈಕಲ್ಲನ್ನು ಬಸ್ಸಿನ ಟಾಪಿಗೆ ಏರಿಸಿ ಬಳ್ಳಾರಿಗೆ ಹೋದೆ. ದೊಡ್ಡ ಅಂಗಡಿಯೊಂದರಲ್ಲಿ ಲೇಡೀಸ್ ಸೀಟು ತೋರಿಸಿ ಎಂದೆ. ಅಂಗಡಿಯವರು ಕೆಂಪು, ನೀಲಿ, ಹೂವಿನ ಚಿತ್ರದ್ದು, ಸಾಲಾಗಿ ಇಟ್ಟರು. ಬಣ್ಣ ಒಂದೊಂದು, ಅಗಲ ಎಲ್ಲದ್ದೂ ಅದೇ. ನಾನು ಚೀಲದಿಂದ ಕಡ್ಡಿ ತೆಗೆದು ಒಂದೊಂದರ ಮೇಲೂ ಇಟ್ಟು ನೋಡಿದೆ.

"ಅದೇನ್ರಿ ಅಕ್ಕಾರ, ಕಡ್ಡಿ?"

"ಅಳತಿ."

"ಯಾತರದ್ದರಿ?"

ಕಡ್ಡಿ ಹಿಡಿದೇ ಅಂಗಡಿಯ ಸುತ್ತ ಕಣ್ಣಾಡಿಸಿದೆ. ಮೇಲೆ ಮೊಳೆಗೆ ತೂಗುಹಾಕಿದ್ದ ಒಂದು ಕಂದು ಬಣ್ಣದ ತೊಗಲಿನ ಸೀಟು ಕಣ್ಣಿಗೆ ಬಿತ್ತು. ಹಿಂದೆ ಅಗಲ, ಕೆಳಗೆ ದಪ್ಪ ಸ್ಪ್ರಿಂಗು. ಅದನ್ನು ಇಳಿಸಿ ಎಂದೆ.

"ಅದು ಹಾಲಿನವರು ಹಾಕ್ಕೊಳ್ಳೋದ್ರಿ, ಕ್ಯಾನ್ ಹೊರೋ ಸೈಕಲ್ಲಿಗೆ. ಲೇಡೀಸಿಗೆ ಚಂದ ಕಾಣಂಗಿಲ್ಲ."

"ನಾನು ಅದರ ಮ್ಯಾಲೆ ಕುಂತಿರ್ತೀನಲ್ರೀ. ಅದು ಯಾರಿಗೆ ಕಾಣತೈತಿ?"

ಕಡ್ಡಿಯ ಎರಡೂ ತುದಿ ಆ ಸೀಟಿನ ಮೇಲೆ ಸರಿಯಾಗಿ ಕೂತವು, ಆಚೀಚೆ ಬೆರಳಗಲ ಜಾಗವೂ ಉಳಿಯಿತು. ಮುಟ್ಟಿದರೆ ಗಟ್ಟಿ. ಆದರೂ ಇದೇ ಬೇಕು, ಹಾಕಿ, ಕೂತು ನೋಡಿಯೇ ಒಯ್ಯುತ್ತೇನೆ ಎಂದೆ. ಸೀಟಿನ ಮೇಲೆ ಕೂತು ನೋಡಿ ಕೊಳ್ಳುವವರನ್ನು ಅವರು ಕಂಡಿರಲಿಲ್ಲ, ಅದರಲ್ಲೂ ಹೆಂಗಸು. ಬೀದಿಯಲ್ಲಿ ಹೋಗುವವರು ನಾಲ್ಕು ಜನ ನಿಂತೇಬಿಟ್ಟರು. ನಾನು ಸ್ಟ್ಯಾಂಡ್ ಹಾಕಿದ ಸೈಕಲ್ ಏರಿ, ಪೆಡಲ್ ಮೇಲೆ ಕಾಲಿಟ್ಟು, ನೆಟ್ಟಗೆ ಕೂತೆ. ಎಲುಬು ಎರಡೂ ಗಟ್ಟಿ ತೊಗಲಿನ ಮೇಲೆ ಊರಿದವು. ನಡುವೆ ಒತ್ತಡವಿಲ್ಲ. ಅಷ್ಟು ತಿಂಗಳ ಮೇಲೆ ನೋವಿಲ್ಲದೆ ಕೂತಿದ್ದೆ, ಇಳಿಯಲು ಮನಸ್ಸೇ ಬರಲಿಲ್ಲ.

ಆದರೆ ಸೀಟು ತೀರಾ ಕೆಳಗಿತ್ತು, ಮೊಣಕಾಲು ಎದೆಗೆ ಬರುತ್ತಿದ್ದವು. ಎತ್ತರಿಸಿ ಎಂದೆ.

"ಬ್ಯಾಡ್ರಿ ಅಕ್ಕಾರ, ಕಾಲು ನೆಲಕ್ಕ ಮುಟ್ಟಂಗಿಲ್ಲ. ಲೇಡೀಸಿಗೆ ಹಿಂಗಾ ಇಡೋದು."

"ಕಾಲು ನೆಲಕ್ಕ ಮುಟ್ಟಬೇಕಂದ್ರ ನಡಕೊಂಡ ಹೋಗ್ತಿದ್ದೆ. ಸೈಕಲ್ ಯಾಕ ಬೇಕಿತ್ರಿ ನನಗ?"

ನಿಂತವರಲ್ಲಿ ಒಬ್ಬರು ನಕ್ಕರು. ಅಂಗಡಿಯವರು ನಗುತ್ತಲೇ ಸೀಟಿನ ಕಂಬಿ ಎತ್ತರಿಸಿದರು. ಪೆಡಲ್ ಕೆಳಗೆ ಬಂದಾಗ ಮೊಣಕಾಲು ಚೂರೇ ಬಗ್ಗುವಷ್ಟಕ್ಕೆ ನಿಲ್ಲಿಸಿದೆ. ಜಾರದಿರಲಿ ಎಂದು ಅವರು ಸೀಟಿನ ಮೂತಿಯನ್ನು ಮೇಲಕ್ಕೆ ಎತ್ತಿದ್ದರು, ಅದನ್ನು ನಾನೇ ನಟ್ಟು ತಿರುಗಿಸುವ ಪಾನ ಇಸಿದುಕೊಂಡು ಇಳಿಸಿದೆ. ಮನೆಗೆ ಬರುವಾಗ ಒಂದು ಪಾನವನ್ನೂ ಕೊಂಡು ತಂದೆ.

ಮುಂದಿನ ವಾರವೆಲ್ಲ ದಂಡೆಯ ಮೇಲೆ ನನ್ನದೇ ರಿಪೇರಿ ಅಂಗಡಿ. ಮೂತಿ ಹೆಚ್ಚು ಇಳಿದರೆ ಮುಂದಕ್ಕೆ ಜಾರಿ ಮಣಿಕಟ್ಟು ನೋಯುತ್ತಿತ್ತು, ನಿಲ್ಲಿಸಿ ಒಂದು ಎಳೆ ಏರಿಸುತ್ತಿದ್ದೆ. ಹ್ಯಾಂಡಲ್ ದೂರವೆನಿಸಿದರೆ ಸೀಟನ್ನು ಮುಂದೆ ಸರಿಸುತ್ತಿದ್ದೆ. ಗದ್ದೆಗೆ ನೀರು ತಿರುವುತ್ತಿದ್ದವರು "ಸೈಕಲ್ ಶಾಪ್ ಇಟ್ಟೀರೇನ್ರಿ ಟೀಚರ್ರ?" ಎಂದು ಕೂಗುತ್ತಿದ್ದರು. "ಹೂನ್ರಿ, ನಿಮ್ಮ ಸೈಕಲ್ಲೂ ತರ್ರಿ" ಎನ್ನುತ್ತಿದ್ದೆ. ಅತ್ತೆ ಬಿರುಸು ತೊಗಲಿನ ಅಡಿಗೆ ಹರಳೆಣ್ಣೆ ಸವರಿ ಬಿಸಿಲಿಗಿಟ್ಟಳು. ಹಳೆ ಸೀರೆಯ ತುಂಡು ಹಾಸಿಕೊಂಡು ತುಳಿದೆ. ತೊಗಲು ಮೆಲ್ಲಗೆ ನನ್ನ ಮೈಗೆ ಒಗ್ಗಿತು. ನೋಡನೋಡುತ್ತ ಹುಣ್ಣು ಒಣಗಿತು. ಶಾಲೆಗೆ ತಡವಾಗುವುದೂ ನಿಂತಿತು.

ದಸರಾ ರಜೆಯ ಹಿಂದಿನ ದಿನ. ಮಾಸ್ತರರೆಲ್ಲ ಆಫೀಸು ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದೆವು. ಹೆಡ್ ಮಾಸ್ತರರು ನನ್ನ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದರು:

"ನೋಡ್ರಿ, ಟೀಚರ್ರು ಒಗ್ಗಿಸಿಕೊಂಡ್ರು. ಎಷ್ಟರ ನೋವಿದ್ರೂ ನುಂಗಿಕೊಂಡ ಇರ್ತಾರ, ಹೆಣ್ಮಕ್ಕಳ ತಾಳ್ಮಿ ಅಂದ್ರ ಅದು! ಆದ್ರ ಎಷ್ಟ ದಿನ ತಾಳ್ಕೋತೀರಿ? ಶರೀರ ಕೇಳಬೇಕಲ್ಲ. ಸೂಟಿಯಾಗ ನಾ ಬರೀತೀನಿ, ವರ್ಗ ಮಾಡಿಸ್ಕೊಂಡ ಬಿಡ್ರಿ."

ಎಲ್ಲರೂ ಮೆಚ್ಚಿಕೊಂಡು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ನೋವು ಇದ್ದಾಗ ಶರೀರದ ತಪ್ಪು, ನೋವು ಹೋದಾಗ ತಾಳ್ಮೆಯ ಪುಣ್ಯ. ನಾನು ಮಾಡಿದ್ದಕ್ಕೆ ಎಲ್ಲಿಯೂ ಜಾಗವೇ ಇಲ್ಲ! ಚಹಾದ ಲೋಟ ಮೇಜಿನ ಮೇಲಿಟ್ಟೆ.

"ತಾಳ್ಮಿ ಅಲ್ರಿ ಸರ್. ನಾನು ಏನೂ ತಾಳ್ಕೊಂಡಿಲ್ಲ. ಆ ಸೀಟು ನನ್ನ ಕುಂಡಿಗಿಂತ ಸಣ್ಣದಿತ್ತು. ಅಳತಿ ತಗೊಂಡು ದೊಡ್ಡದು ಹಾಕ್ಕೊಂಡೆ."

ಒಬ್ಬರು ಕಿಟಕಿಯ ಆಚೆ ನೋಡತೊಡಗಿದರು. ಹೆಡ್ ಮಾಸ್ತರರ ಮುಖ ಕೆಂಪಾಯಿತು. ನನ್ನ ಬಾಯಿ ಮಾತ್ರ ನಿಲ್ಲಲಿಲ್ಲ.

"ಮ್ಯಾಲಿನವರಿಗೆ ಬರೀತೀನಿ ಅಂದ್ರಲ್ಲ, ಬರೀರಿ ಸರ್. ನಾ ಈಗ ಹೇಳಿದ್ದನ್ನ ಹೇಳಿದಂಗಾ ಬರೀರಿ."

ಅವರು ಬರೆಯಲಿಲ್ಲ. ರಜೆ ಮುಗಿದ ದಿನ ನಾನು ಮೊದಲ ಗಂಟೆ ಹೊಡೆಯುವ ಮುಂಚೆಯೇ ಶಾಲೆಯಲ್ಲಿದ್ದೆ.